ಘಾಟಿಯಲ್ಲಿ ಕಾಣೆಯಾಗುತ್ತಿದ್ದ ಮುಕ್ಕಾಲು ಲೀಟರ್

"ಗಾಡಿ ನೀರು ಕುಡೀತಿದೆ ಕಣಪ್ಪ. ಎಲ್ಲಿಗೆ ಹೋಗ್ತಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ."

ಗೌಡ್ರು ಇಷ್ಟು ಹೇಳಿ ಬೀಗದ ಕೈಯನ್ನು ನಮ್ಮ ಗ್ಯಾರೇಜಿನ ಮೇಜಿನ ಮೇಲಿಟ್ಟರು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಗಾಡಿ 2013ರ ಪಿಕಪ್. ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್. ಮೀಟರಿನಲ್ಲಿ 2,38,000 ಕಿಲೋಮೀಟರ್ ಆಗಿತ್ತು. ಗೌಡ್ರಿಗೆ ಅರವತ್ತು ದಾಟಿದೆ. ಮೂಡಿಗೆರೆ ಪಕ್ಕದಲ್ಲಿ ತೋಟ. ಗಾಡಿಯನ್ನು ಅವರೇ ಓಡಿಸುತ್ತಾರೆ. ವಾರಕ್ಕೆ ಎರಡು ಸಲ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಶುಂಠಿ, ತರಕಾರಿ ಒಯ್ಯುತ್ತಾರೆ. ಬರುವಾಗ ಹಿಂಡಿ, ಗೊಬ್ಬರ, ಸಿಮೆಂಟು, ಯಾರಿಗೆ ಏನು ಬೇಕೋ ಅದನ್ನು ತುಂಬಿಕೊಂಡು ಬರುತ್ತಾರೆ. ಉಳಿದ ದಿನ ಊರೊಳಗಿನ ಓಟ.

ಗಾಡಿ ಇಲ್ಲಿಗೆ ಬರುವ ಮೊದಲೇ ಬೇರೆ ಕಡೆ ಮೂರು ತಿಂಗಳು ಕೆಲಸ ನಡೆದಿತ್ತು. ರೇಡಿಯೇಟರ್ ಮುಚ್ಚಳ ಹೊಸದು, ವಾಟರ್ ಪಂಪ್ ಹೊಸದು, ಹೋಸಿನ ಕ್ಲಿಪ್‌ಗಳೂ ಹೊಸವು. ಆದರೂ ನೀರು ಇಳಿಯುವುದು ನಿಂತಿರಲಿಲ್ಲ. ಕೊನೆಗೆ "ಹೆಡ್ ಇಳಿಸಬೇಕು, ಗ್ಯಾಸ್ಕೆಟ್ ಹೋಗಿದೆ" ಎಂಬ ಮಾತು ಬಂದಿತ್ತು. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ. ಗ್ಯಾಸ್ಕೆಟ್ ಅಂದರೆ ಅದರ ಕೆಳಗೆ ಹೊಗೆ, ನೀರು, ಆಯಿಲ್ ಬೆರೆಯದ ಹಾಗೆ ತಡೆಯುವ ತೆಳು ಪದರ. ಅಂದಾಜು ಖರ್ಚು 32,000 ರೂಪಾಯಿ. ಗೌಡ್ರಿಗೆ ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ ವಿಷಯ. ಈ ಎಂಜಿನ್ನನ್ನು ಹನ್ನೊಂದು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. "ಒಂದು ಸಲ ಬಿಚ್ಚಿದ ಮೇಲೆ ಮೊದಲಿನ ಹಾಗೆ ಇರಲ್ಲ ಅಲ್ವಾ?" ಎಂದು ಕೇಳಿದರು. ಅವರ ಭಯ ಸುಳ್ಳಲ್ಲ. ಹೆಡ್ ಇಳಿಸುವುದು ಸಣ್ಣ ಕೆಲಸವಲ್ಲ. ಬೋಲ್ಟ್ ಬಿಗಿಯುವ ಕ್ರಮ ತಪ್ಪಿದರೆ, ಮೇಲ್ಮೈ ಸಮ ಮಾಡದೆ ಕೂರಿಸಿದರೆ, ಇಲ್ಲದ ರೋಗ ಹೊಸದಾಗಿ ಹುಟ್ಟುತ್ತದೆ.

ಗ್ಯಾಸ್ಕೆಟ್ ಹೋಗಿದೆ ಅನ್ನುವುದಕ್ಕೆ ಆ ಮೊದಲಿನ ಕಡೆಯವರು ಕೊಟ್ಟ ಕಾರಣ ಎರಡು. ನೆಲಕ್ಕೆ ಒಂದು ಹನಿಯೂ ಬೀಳುತ್ತಿಲ್ಲ, ಆದರೂ ನೀರು ಇಳಿಯುತ್ತಿದೆ. ಜೊತೆಗೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯ ಹಾಗೆ ಬಿಳಿ ಪದರ ಇದೆ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಆ ಬಿಳಿ ಪದರವನ್ನು ಅಷ್ಟು ಸುಲಭವಾಗಿ ನಂಬಬಾರದು. ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗಿನ ತೇವ ಮೇಲಿನ ತಣ್ಣನೆಯ ಮುಚ್ಚಳಕ್ಕೆ ಅಂಟಿ, ಆಯಿಲಿನ ಜೊತೆ ಸೇರಿ ಬೆಣ್ಣೆಯಾಗುತ್ತದೆ. ಜುಲೈ, ಆಗಸ್ಟಿನಲ್ಲಿ ನಮ್ಮ ಕಡೆಯ ಎಷ್ಟೋ ಗಾಡಿಗಳಲ್ಲಿ ಇದು ಕಾಣುತ್ತದೆ. ನೋಡಬೇಕಾದದ್ದು ಕೆಳಗಿನ ಆಯಿಲನ್ನು.

ನಾನು ಎಂಜಿನ್ನಿನ ತಳದ ಆಯಿಲ್ ಚೇಂಬರಿನಿಂದ ಒಂದು ಲೋಟದಷ್ಟು ಆಯಿಲ್ ತೆಗೆದು ಗಾಜಿನ ಬಾಟ್ಲಿಯಲ್ಲಿ ಒಂದು ರಾತ್ರಿ ಇಟ್ಟೆ. ತಳದಲ್ಲಿ ನೀರು ಕೂರಲಿಲ್ಲ. ಹಳೆಯ ತವಾ ಕಾಯಿಸಿ ಅದರ ಮೇಲೆ ನಾಲ್ಕು ಹನಿ ಬಿಟ್ಟೆ. ಆಯಿಲಿನಲ್ಲಿ ನೀರಿದ್ದರೆ ಒಗ್ಗರಣೆಯ ಹಾಗೆ ಚಟಪಟ ಸಿಡಿಯುತ್ತದೆ. ಇದು ಸುಮ್ಮನೆ ಹೊಗೆಯಾಡಿತು. ಅಂದರೆ ನೀರು ಆಯಿಲಿಗೆ ಹೋಗುತ್ತಿಲ್ಲ. ಇನ್ನು ಉಳಿದದ್ದು ಎರಡೇ ದಾರಿ. ಒಂದೋ ಹೊರಗೆ ಸೋರಿ ಕಾಣುವ ಮೊದಲೇ ಆವಿಯಾಗುತ್ತಿದೆ. ಇಲ್ಲವೇ ಎಂಜಿನ್ನಿನ ಬೆಂಕಿಗೆ ಸಿಕ್ಕಿ ಆವಿಯಾಗಿ, ಹೊಗೆಯ ಜೊತೆ ಸೈಲೆನ್ಸರಿನಿಂದ ಹೋಗುತ್ತಿದೆ.

ರೇಡಿಯೇಟರ್ ಮುಚ್ಚಳ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಒಳಗಿದ್ದದ್ದು ಎಂಜಿನ್ ತಣಿಸುವ ಕೂಲೆಂಟ್ ದ್ರವ ಅಲ್ಲ, ಹಳದಿ ನೀರು.

"ಅರಿಶಿನ ಹಾಕಿದ್ರಾ ಗೌಡ್ರೇ?"

"ಹೂಂ, ಎರಡು ಚಮಚ. ನಮ್ಮಪ್ಪನ ಜೀಪಿಗೆ ಹಾಗೇ ಮಾಡ್ತಿದ್ದರು."

ಅದು ಹಳೆಯ ಮದ್ದು. ರೇಡಿಯೇಟರಿನಲ್ಲಿ ಸೂಜಿ ತೂತು ಬಿದ್ದರೆ ಅರಿಶಿನದ ಪುಡಿ ಹೋಗಿ ಅಲ್ಲಿ ಕೂತು ಸೋರುವುದನ್ನು ತಡೆಯುತ್ತದೆ. ದಾರಿ ಮಧ್ಯೆ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಅದು ನೆರವಾಗಿದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಪುಡಿಗೆ ತೂತು ಯಾವುದು, ಸಣ್ಣ ಕೊಳವೆ ಯಾವುದು ಅನ್ನುವ ಭೇದ ಇಲ್ಲ. ಎಲ್ಲ ಕಡೆ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು, ಮೂರು ತಿಂಗಳಿಂದ ಇಳಿದಷ್ಟನ್ನು ಬಾವಿಯ ನೀರಿನಿಂದ ತುಂಬಿಸಿದ್ದು. ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ತುಕ್ಕು ಹಿಡಿಯದ ಹಾಗೆ ಕಾಯುವ ಮದ್ದೂ ಇರುತ್ತದೆ. ನೀರು ಸೇರಿಸುತ್ತಾ ಹೋದರೆ ಎರಡೂ ತೆಳುವಾಗುತ್ತವೆ.

ಪುಸ್ತಕ ಕಟ್ಟಿದ್ದು

ನಾನು ಮೊದಲ ದಿನ ಸ್ಪ್ಯಾನರ್ ಹಿಡಿಯಲಿಲ್ಲ. ಗೌಡ್ರಿಗೆ ಒಂದು ಅಳತೆ ಜಗ್ಗು, ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. "ದಿನಾ ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಒಂದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಎಷ್ಟು ಮಿಲಿಲೀಟರ್ ಹಾಕಬೇಕಾಯಿತು ಅಂತ ಬರೆಯಿರಿ. ಹಿಂದಿನ ದಿನ ಎಲ್ಲಿಗೆ ಹೋಗಿದ್ದಿರಿ, ಲೋಡು ಎಷ್ಟಿತ್ತು ಅಂತಲೂ ಬರೆಯಿರಿ" ಎಂದೆ. ತಣ್ಣಗಿರುವಾಗಲೇ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಬಿಸಿಯಾದಾಗ ಕೂಲೆಂಟ್ ಹಿಗ್ಗುತ್ತದೆ, ಅಳತೆ ಸರಿ ಬರುವುದಿಲ್ಲ. ಇನ್ನೊಂದು, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

"ಸುಮ್ನೆ ಟೈಮ್ ವೇಸ್ಟು ಅಲ್ವಾ?" ಎಂದು ನನ್ನ ಜೊತೆಯ ಹುಡುಗ ಕೇಳಿದ. ಅದೇ ಹುಡುಗ ಈಗ ಎಲ್ಲ ಗಾಡಿಗಳಿಗೂ ಪುಸ್ತಕ ಕಟ್ಟುತ್ತಾನೆ.

ಅಷ್ಟರಲ್ಲಿ ಗಾಡಿಯನ್ನು ಒಂದು ರಾತ್ರಿ ನಮ್ಮಲ್ಲೇ ಉಳಿಸಿಕೊಂಡು ಪ್ರೆಶರ್ ಹಾಕಿ ನೋಡಿದೆವು. ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ ಒಂದು ಬಾರ್ ಒತ್ತಡ ಕೊಡುವುದು. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದು ಪಂಕ್ಚರ್ ಹುಡುಕುವ ಹಾಗೆಯೇ. ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷಿಸಿದೆವು, ಅದು ಸರಿಯಿತ್ತು. ಇದನ್ನು ಬಿಡಬಾರದು. ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಕೆಳಗಿನ ಮಂಗಳೂರಿಗಿಂತ ಸುಮಾರು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಆ ಕುದಿಯನ್ನು ತಡೆದು ಹಿಡಿಯುವುದೇ ಮುಚ್ಚಳದ ಒತ್ತಡ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಬೇರೆ ಯಾವ ದೋಷ ಇಲ್ಲದೆಯೂ ನೀರು ಉಕ್ಕಿ ಹೋಗುತ್ತದೆ.

ಕೈಪಂಪಿನ ಪ್ರೆಶರ್ ಮೀಟರಿನ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಬೆಳಿಗ್ಗೆ ನೋಡಿದಾಗ ಸ್ವಲ್ಪ ಇಳಿದಿತ್ತು. ಟಾರ್ಚ್ ಹಾಕಿ ಹುಡುಕಿದೆವು. ಕೆಳಗಿನ ಹೋಸು ಎಂಜಿನ್ನಿಗೆ ಸೇರುವ ಕಡೆ, ಕ್ಲಿಪ್ಪಿನ ಹಿಂದೆ, ಒಣಗಿದ ಹಳದಿ ಕಲೆ. ಗೌಡ್ರ ಅರಿಶಿನವೇ ಗುರುತು ತೋರಿಸಿತ್ತು! ಹೋಸು ತೆಗೆದರೆ ಲೋಹದ ಮೂತಿ ತುಕ್ಕು ಹಿಡಿದು ಉಬ್ಬುತಗ್ಗಾಗಿತ್ತು. ಎಷ್ಟು ಹೊಸ ಕ್ಲಿಪ್ ಹಾಕಿದರೂ ಅಲ್ಲಿ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಉಜ್ಜಿ ನಯ ಮಾಡಿ, ಹೊಸ ಹೋಸು ಹಾಕಿದೆವು. ಮತ್ತೆ ಪ್ರೆಶರ್ ಹಾಕಿದಾಗ ರಾತ್ರಿಯಿಡೀ ಮುಳ್ಳು ಕದಲಲಿಲ್ಲ.

ನಾನು ಗೌಡ್ರಿಗೆ ಫೋನ್ ಮಾಡಿ "ಸಿಕ್ಕಿತು" ಎಂದುಬಿಟ್ಟೆ. ಅಲ್ಲಿ ತಪ್ಪಿದೆ. ಸಿಕ್ಕಿದ ಸೋರಿಕೆ ನಿಜವೇ. ಆದರೆ ಕಳೆದುಹೋಗುತ್ತಿದ್ದ ನೀರಿನ ಲೆಕ್ಕಕ್ಕೆ ಅದು ಸಾಕೇ ಅಂತ ನಾನು ಕೇಳಿಕೊಳ್ಳಲಿಲ್ಲ. ರಾತ್ರಿಯಿಡೀ ಒತ್ತಡ ಹಾಕಿದರೂ ಒಂದು ಚಮಚ ಬಿಡದ ಜಾಗ, ಒಂದು ಟ್ರಿಪ್ಪಿನಲ್ಲಿ ಮುಕ್ಕಾಲು ಲೀಟರ್ ಹೇಗೆ ಬಿಟ್ಟೀತು?

ಪುಸ್ತಕ ಎಂಟು ದಿನದ ಮೇಲೆ ವಾಪಸ್ ಬಂತು. ಗೌಡ್ರ ಅಕ್ಷರ ದುಂಡಗಿದೆ, ಲೆಕ್ಕವೂ ಚೊಕ್ಕ. ಊರೊಳಗೆ ಓಡಿಸಿದ ಐದು ದಿನ ಏನೂ ಹಾಕಬೇಕಾಗಿರಲಿಲ್ಲ. ಒಂದು ದಿನ ಮಂಗಳೂರಿಗೆ ಲೋಡು ಒಯ್ದು ಖಾಲಿ ಬಂದಿದ್ದರು. ಆವತ್ತಿನ ನಷ್ಟ 180 ಮಿಲಿಲೀಟರ್. ಇನ್ನೊಂದು ದಿನ ಬರುವಾಗ ಸಾವಿರದ ಇನ್ನೂರು ಕಿಲೋ ಹಿಂಡಿ, ಸಿಮೆಂಟು ತುಂಬಿದ್ದರು. ಆವತ್ತಿನದು 720. ಎರಡೂ ದಿನ ದಾರಿ ಒಂದೇ, ದೂರ ಒಂದೇ, ಓಡಿಸಿದವರೂ ಒಬ್ಬರೇ. ಬೇರೆಯಾಗಿದ್ದದ್ದು ಏರಿನಲ್ಲಿ ಹೊತ್ತ ಭಾರ ಮಾತ್ರ.

ಹೋಸಿನ ಸೋರಿಕೆಯಾಗಿದ್ದರೆ ಭಾರದಿಂದ ಇಷ್ಟೊಂದು ವ್ಯತ್ಯಾಸ ಬರುತ್ತಿರಲಿಲ್ಲ. ಎಂಜಿನ್ ಒಳಗೆ ಬೆಂಕಿ ಜೋರಾದಾಗ ಮಾತ್ರ ಬಾಯಿ ಬಿಡುವ ಜಾಗ ಎಲ್ಲೋ ಇದೆ.

ಪುಸ್ತಕದಲ್ಲಿ ಕೊನೆಯ ಸಾಲು ಹೀಗಿತ್ತು: "ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸಿದಾಗ ಬಾಟ್ಲಿಯಲ್ಲಿ ಗುಳ್ಳೆ ಬರುತ್ತಿತ್ತು."

ಗುಳ್ಳೆ

ಈ ಒಂದು ಸಾಲು ನನ್ನನ್ನು ಎರಡು ದಿನ ನಿದ್ದೆಗೆಡಿಸಿತು. ಬಾಟ್ಲಿ ಅಂದರೆ ಬಾನೆಟ್ಟಿನ ಕೆಳಗೆ ರೇಡಿಯೇಟರಿಗೆ ಸೇರಿಸಿದ ಕೂಲೆಂಟ್ ಬಾಟ್ಲಿ. ಅದರಲ್ಲಿ ಗುಳ್ಳೆ ಅಂದರೆ ಉರಿದ ಗಾಳಿ ನೀರಿನೊಳಗೆ ನುಗ್ಗುತ್ತಿದೆ ಅಂತ ಅರ್ಥ. ಗ್ಯಾಸ್ಕೆಟ್ ಹೋದಾಗ ಆಗುವುದೂ ಇದೇ. ಹಾಗಾದರೆ ಮೊದಲಿನವರು ಹೇಳಿದ್ದೇ ಸರಿಯಾ?

ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಕೈಯಲ್ಲಿ ಹಿಡಿದು ನಿಂತೆ. ಗ್ಯಾಸ್ಕೆಟ್ ಚೆನ್ನಾಗಿಯೇ ಸುಟ್ಟಿದ್ದರೆ ನೀರು ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಹೋಸು ಗಟ್ಟಿಯಾಗುತ್ತದೆ. ಇದು ಮೆತ್ತಗೇ ಇತ್ತು. ಪ್ರೆಶರ್ ಮೀಟರ್ ಕೂರಿಸಿ ಓಡಿಸಿದಾಗ ಮುಳ್ಳು ಎಂಜಿನ್ ಕಾದಂತೆ ನಿಧಾನವಾಗಿ ಏರಿತು. ಅದು ಸಹಜ. ಒಂದೊಂದೇ ಇಂಜೆಕ್ಟರಿನ ಯೂನಿಯನ್ ಸಡಿಲಿಸಿ ನೋಡಿದರೂ ಒಂದು ಸಿಲಿಂಡರ್ ಇನ್ನೊಂದಕ್ಕಿಂತ ಬೇರೆ ಅನ್ನಿಸಲಿಲ್ಲ. ರೇಡಿಯೇಟರಿನ ಗಾಳಿಯಲ್ಲಿ ಹೊಗೆ ಇದೆಯೇ ಅಂತ ಬಣ್ಣ ಬದಲಾಯಿಸಿ ತೋರಿಸುವ ನೀಲಿ ದ್ರವ ಸಿಗುತ್ತದೆ. ಅದನ್ನು ನಾನು ಬಳಸಿದೆ, ಬಣ್ಣ ಬದಲಾಗಲಿಲ್ಲ. ಆದರೆ ಡೀಸೆಲ್ ಎಂಜಿನ್ ಭಾರವಿಲ್ಲದೆ ನಿಂತು ಓಡುವಾಗ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬ ಕಡಿಮೆ. ಹಾಗಾಗಿ ಬಣ್ಣ ಬದಲಾಗಲಿಲ್ಲ ಅಂದ ಮಾತ್ರಕ್ಕೆ ಹೆಡ್ ಪಾಸಾಯಿತು ಅನ್ನುವಂತಿರಲಿಲ್ಲ.

ಗ್ಯಾರೇಜಿನ ನೆಲದ ಮೇಲೆ ಘಾಟಿ ಇಲ್ಲ. ಇಲ್ಲಿ ಏನು ಮಾಡಿದರೂ ಆ ರೋಗ ಹೊರಗೆ ಬರುವುದಿಲ್ಲ.

ಆಗ ನೆನಪಾದದ್ದು ಈಜಿಆರ್ ಕೂಲರ್. ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ ಮತ್ತೆ ಎಂಜಿನ್ನಿಗೇ ಉಸಿರಾಡಲು ಕೊಡುತ್ತಾರೆ. ಈ ಏರ್ಪಾಡೇ ಈಜಿಆರ್. ಹಾಗೆ ಮಾಡಿದರೆ ಒಳಗಿನ ಉರಿಯ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್ ಎಂಬ ವಿಷಗಾಳಿ ಕಡಿಮೆಯಾಗುತ್ತದೆ. ಆದರೆ ಆ ಹೊಗೆ ಕೆಂಡದಂತೆ ಕಾದಿರುತ್ತದೆ. ಅದನ್ನು ತಣಿಸಲು ಒಂದು ಸಣ್ಣ ಡಬ್ಬಿ ಇದೆ, ಅದೇ ಕೂಲರ್. ಡಬ್ಬಿಯೊಳಗೆ ತೆಳು ಉಕ್ಕಿನ ಕೊಳವೆಗಳು. ಕೊಳವೆಯ ಒಳಗೆ ಹೊಗೆ, ಹೊರಗೆ ಕೂಲೆಂಟ್. ನಡುವೆ ಇರುವುದು ಒಂದು ತೆಳು ಗೋಡೆ ಅಷ್ಟೇ. ಆ ಗೋಡೆ ಬಿರುಕು ಬಿಟ್ಟರೆ ಕೂಲೆಂಟ್ ಹೊಗೆಗೆ ಸೇರಿ ಹೋಗುತ್ತದೆ. ಆಯಿಲಿಗೆ ಹೋಗುವುದಿಲ್ಲ, ನೆಲಕ್ಕೂ ಬೀಳುವುದಿಲ್ಲ. ಗುಳ್ಳೆಗೂ ಅದೇ ಉತ್ತರ. ಲೋಡು ಎಳೆಯುವಾಗ, ಟರ್ಬೊ ಸೇರುವ ಮೊದಲಿನ ದಾರಿಯಲ್ಲಿ ಹೊಗೆಯ ಒತ್ತಡ ಜಾಸ್ತಿ, ಆಗ ಹೊಗೆ ನೀರಿನ ಕಡೆ ನುಗ್ಗುತ್ತದೆ. ತಿರುವು ಬಂದಾಗ ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಹೊಗೆಯ ಒತ್ತಡ ಥಟ್ಟನೆ ಇಳಿಯುತ್ತದೆ, ಕಾದ ನೀರಿನ ಒತ್ತಡ ಹಾಗೇ ಇರುತ್ತದೆ. ಈಗ ನೀರು ಹೊಗೆಯ ಕಡೆ ನುಗ್ಗುತ್ತದೆ. ಚಾರ್ಮಾಡಿಯಲ್ಲಿ ತಿರುವಿಗೇನು ಬರವೇ? ಪ್ರತಿ ತಿರುವಿಗೂ ಒಂದೊಂದು ಗುಟುಕು ಹೋಗಿರಬೇಕು. ಬಿಳಿ ಹೊಗೆ ಕಂಡಿತ್ತಾ ಅಂತ ಗೌಡ್ರನ್ನು ಕೇಳಿದರೆ, "ಅಲ್ಲಿ ಮಂಜು ಯಾವುದು, ಹೊಗೆ ಯಾವುದು ಅಂತ ಹೇಗೆ ಹೇಳಲಿ?" ಎಂದರು. ಅದೂ ಸರಿಯೇ.

ಇದೆಲ್ಲ ಇನ್ನೂ ಊಹೆ. ಒಂದು ಸಲ "ಸಿಕ್ಕಿತು" ಅಂದು ತಪ್ಪಿದ್ದೆ.

ಕೂಲರ್ ಬಿಚ್ಚಿದೆವು. ಹೊಗೆ ಒಳಗೆ ಬರುವ ಬಾಯಲ್ಲಿ ಒಣ ಮಸಿ, ಇರಬೇಕಾದ ಹಾಗೇ ಇತ್ತು. ಹೊರಹೋಗುವ ಬಾಯಲ್ಲಿ ಮಾತ್ರ ಮಸಿ ಕಾಡಿಗೆಯ ಹಾಗೆ ಜಿಗುಟಾಗಿತ್ತು. ಒಂದು ಕಡೆ ಮಸಿಯೇ ಇಲ್ಲದೆ ಲೋಹ ತೊಳೆದಂತೆ ಹೊಳೆಯುತ್ತಿತ್ತು. ನೀರಿನ ಒಂದು ಮೂತಿ ಮುಚ್ಚಿ, ಇನ್ನೊಂದಕ್ಕೆ ಟ್ಯೂಬಿನ ವಾಲ್ವ್ ಕೂರಿಸಿ, ಒಂದು ಬಾರ್ ಗಾಳಿ ತುಂಬಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆವು. ಐದು ನಿಮಿಷ, ಹತ್ತು ನಿಮಿಷ ಕಳೆಯಿತು. ಒಂದು ಗುಳ್ಳೆಯೂ ಬರಲಿಲ್ಲ.

ಹುಡುಗ ನನ್ನ ಮುಖ ನೋಡಿದ. ನಾನು ಒಳಗಿನಿಂದ ದೊಡ್ಡ ಪಾತ್ರೆ ತಂದು ನೀರು ಕಾಯಿಸಿದೆ. ನೀರು ಕುದಿಯಲು ಶುರುವಾಗುವ ಮುನ್ನ ಒಲೆ ಆರಿಸಿ, ನೀರು ಅಲ್ಲಾಡದೆ ನಿಂತ ಮೇಲೆ ಕೂಲರನ್ನು ಇಳಿಸಿದೆವು. ಮೂರು ನಿಮಿಷಕ್ಕೆ ಹೊಗೆಯ ಬಾಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬರತೊಡಗಿದವು. ತೆಗೆದು ತಣ್ಣೀರಿಗೆ ಹಾಕಿದರೆ ನಿಂತವು. ಮತ್ತೆ ಬಿಸಿನೀರಿಗೆ ಹಾಕಿದರೆ ಮತ್ತೆ ಬಂದವು. ತಣ್ಣಗಿರುವಾಗ ಲೋಹ ಕುಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಕಾದಾಗ ತೆರೆದುಕೊಳ್ಳುತ್ತದೆ. ರಾತ್ರಿಯಿಡೀ ಹಾಕಿದ ಪ್ರೆಶರಿನಲ್ಲಿ ಇದು ಸಿಗದೆ ಹೋದದ್ದು ಇದಕ್ಕೇ. ತಣ್ಣನೆಯ ಗಾಡಿಯನ್ನು ಪರೀಕ್ಷಿಸಿ "ಸೋರಿಕೆ ಇಲ್ಲ" ಅನ್ನುವುದು ಅರ್ಧ ಮಾತು ಮಾತ್ರ.

ಹೊಸ ಕೂಲರ್ ಮಂಗಳೂರಿನಿಂದ ಬರಲು ನಾಲ್ಕು ದಿನ ಬೇಕಿತ್ತು. ಆ ನಾಲ್ಕು ದಿನವನ್ನೇ ಕೊನೆಯ ಪರೀಕ್ಷೆಗೆ ಬಳಸಿದೆ. ಕೂಲರಿಗೆ ಹೋಗುವ ಎರಡು ನೀರಿನ ಹೋಸುಗಳನ್ನು ಒಂದು ತುಂಡು ಪೈಪಿನಿಂದ ಜೋಡಿಸಿದೆ. ಹೊಗೆಯ ದಾರಿಗೆ ತಗಡಿನ ಪ್ಲೇಟ್ ಕೊಟ್ಟು ಮುಚ್ಚಿದೆ. ಹೆಡ್ ಗ್ಯಾಸ್ಕೆಟ್ಟಿನಲ್ಲೂ ದೋಷ ಇದ್ದರೆ ಕೂಲರ್ ಇಲ್ಲದಿದ್ದರೂ ನೀರು ಇಳಿಯಲೇಬೇಕು. ಗೌಡ್ರ ಜೊತೆ ನಾನೂ ಹೋದೆ. ಬರುವಾಗ ಬೇಕೆಂದೇ ಸಾವಿರದ ಇನ್ನೂರು ಕಿಲೋ ತುಂಬಿಸಿದೆವು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರೆ ಬಾಟ್ಲಿಯ ನೀರು ಕೆರೆಯ ಹಾಗೆ ನಿಶ್ಚಲವಾಗಿತ್ತು. ಗೌಡ್ರು ದೋಸೆ ಬಿಟ್ಟು ಎರಡು ಸಲ ಎದ್ದು ಬಂದು ನೋಡಿದರು. ಮರುದಿನ ಬೆಳಿಗ್ಗೆ ಅಳೆದಾಗ ಹಾಕಬೇಕಾದದ್ದು 30 ಮಿಲಿಲೀಟರ್. ಎರಡನೆಯ ಟ್ರಿಪ್ಪಿಗೆ ಅದೂ ಇಲ್ಲ.

"ಹೀಗೇ ಇರಲಿ ಬಿಡಪ್ಪ, ಹೊಸದು ಯಾಕೆ?" ಎಂದರು ಗೌಡ್ರು. ತುಂಬ ಜನ ಹಾಗೇ ಬಿಡುತ್ತಾರೆ, ಕೆಲವರು ಅದನ್ನೇ ರಿಪೇರಿ ಅಂತ ಮಾಡಿಕೊಡುತ್ತಾರೆ. ನಾನು ಒಪ್ಪಲಿಲ್ಲ. ಆ ಹೊಗೆ ನಮ್ಮ ಊರಿನ ಬೀದಿಯಲ್ಲೇ, ಶಾಲೆಯ ಮುಂದೆಯೇ ಹೋಗುತ್ತದೆ. ಹೊಗೆ ತಗ್ಗಿಸಲು ಕೊಟ್ಟ ಭಾಗವನ್ನು ಕಿತ್ತುಹಾಕುವುದು ಕಾನೂನಿಗೂ ಸರಿಯಲ್ಲ. ಗೌಡ್ರಿಗೆ ಮೊಮ್ಮಕ್ಕಳಿದ್ದಾರೆ. ಜಾಸ್ತಿ ವಾದ ಮಾಡಲಿಲ್ಲ.

ಹೊಸ ಕೂಲರ್, ಗ್ಯಾಸ್ಕೆಟ್‌ಗಳು, ಹೋಸು, ಕೂಲೆಂಟ್, ಕೂಲಿ ಎಲ್ಲ ಸೇರಿ 14,600 ರೂಪಾಯಿ ಆಯಿತು. ಹಾಕುವ ಮೊದಲು ರೇಡಿಯೇಟರನ್ನು ನಾಲ್ಕು ಸಲ ತೊಳೆದೆವು. ಮೂರನೆಯ ಸಲದವರೆಗೂ ಅರಿಶಿನ, ತುಕ್ಕು ಬರುತ್ತಲೇ ಇತ್ತು. ಬಿರುಕು ಯಾಕೆ ಬಿತ್ತು ಅನ್ನುವುದಕ್ಕೆ ನನ್ನ ಅಭಿಪ್ರಾಯ ಇಷ್ಟು: ಹನ್ನೊಂದು ವರ್ಷ ಕಾದು, ತಣಿದು ಆ ತೆಳು ಕೊಳವೆ ಮೊದಲೇ ದಣಿದಿತ್ತು. ಹೋಸಿನ ಸಣ್ಣ ಸೋರಿಕೆಯಿಂದ ಮಟ್ಟ ಇಳಿದಾಗೆಲ್ಲ ಎತ್ತರದಲ್ಲಿದ್ದ ಕೂಲರಿನಲ್ಲಿ ಗಾಳಿ ನಿಂತಿರಬೇಕು. ನೀರಿಲ್ಲದ ಕಡೆ ಲೋಹ ಅತಿಯಾಗಿ ಕಾಯುತ್ತದೆ. ಹಾಗಾಗಿ ಆ ಮೊದಲ ಸೋರಿಕೆಯೂ ಇದರಲ್ಲಿ ಪಾಲುದಾರನೇ. ತುಂಬುವಾಗ ಗಾಳಿ ಪೂರ್ತಿ ಹೊರಬರುವವರೆಗೆ, ಗಾಡಿಯ ಮೂತಿ ಏರಿನ ಕಡೆ ನಿಲ್ಲಿಸಿ, ಸಾವಧಾನವಾಗಿ ತುಂಬಿದೆವು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್.

ತೆಗೆದ ಹಳೆಯ ನೀರನ್ನು ಚರಂಡಿಗೆ ಬಿಡಲಿಲ್ಲ, ಕ್ಯಾನಿಗೆ ತುಂಬಿ ಬೀಗ ಹಾಕಿಟ್ಟೆವು. ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಗ್ಯಾರೇಜಿನ ಸುತ್ತ ನಾಯಿಗಳಿವೆ, ಪಕ್ಕದಲ್ಲಿ ದನ ಮೇಯುತ್ತವೆ. ಇದನ್ನು ನಮ್ಮ ಕೆಲಸದವರು ಇನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ ಅನ್ನುವ ನೋವು ನನಗಿದೆ.

ಗೌಡ್ರು ನೋಟ್‌ಬುಕ್ ವಾಪಸ್ ಕೊಟ್ಟಿಲ್ಲ. ಮೊನ್ನೆ ಬಂದಾಗ ತೆರೆದು ತೋರಿಸಿದರು. ಮೊದಲ ವಾರ 60 ಮಿಲಿಲೀಟರ್, ಉಳಿದಿದ್ದ ಗಾಳಿ ಹೊರಬಂದದ್ದಕ್ಕೆ. ಅದರ ನಂತರ ಮೂರು ತಿಂಗಳು, ಇಪ್ಪತ್ತಾರು ಮಂಗಳೂರು ಟ್ರಿಪ್. ಪ್ರತಿ ದಿನದ ಮುಂದೆ ದುಂಡನೆಯ ಒಂದು ಸೊನ್ನೆ.